ವಾಷರ್ ಅಲ್ಲಾಡುತ್ತಿದೆ, ಅಣ್ಣಾ

ಆಯುಧಪೂಜೆಯ ಹಿಂದಿನ ದಿನ ಬಳ್ಳಾರಿಯ ಯಾವ ಟೈರ್ ಅಂಗಡಿಯಲ್ಲೂ ಯಾರೂ ಯಾರೊಂದಿಗೂ ನೆಟ್ಟಗೆ ಮಾತನಾಡುವುದಿಲ್ಲ. ಲಾರಿಗಳ ಸಾಲು ರಸ್ತೆಗೆ ಚಾಚಿಕೊಂಡಿರುತ್ತದೆ. ಒಬ್ಬರಿಗೆ ಗಾಳಿ, ಒಬ್ಬರಿಗೆ ಪಂಕ್ಚರ್, ಇನ್ನೊಬ್ಬರಿಗೆ ಬರೀ ಡಿಸ್ಕಿಗೆ, ಅಂದರೆ ಟೈರ್ ಕೂರುವ ಲೋಹದ ಚಕ್ರಕ್ಕೆ, ಬೆಳ್ಳಿ ಬಣ್ಣ. ಎಲ್ಲರಿಗೂ ಈಗಲೇ ಆಗಬೇಕು. ಅಂಥ ದಿನ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಧಣಿ ಒಂದು ಲಿಫ್ಟ್ ಮಾಡಿದ ಪಿಕಪ್ ಅನ್ನು ನಾನು ಕೆಲಸ ಮಾಡುವ ಜಾಗಕ್ಕೆ ಬಿಡಿಸಿ, “ಸಂಜೆ ಆರಕ್ಕೆ ಕೊಡುತ್ತೇವೆ ಎಂದು ಹೇಳಿದ್ದೇನೆ” ಎಂದರು. ಹೇಳುವ ಮೊದಲು ನನ್ನನ್ನು ಕೇಳುವುದು ಅವರ ಪದ್ಧತಿಯಲ್ಲಿಲ್ಲ.

ಗಿರಾಕಿ ಹಳೆಯವರು, ಲಾರಿ ವ್ಯವಹಾರದವರು. ಡಬಲ್ ಕ್ಯಾಬ್ ಗಾಡಿ. ಬೆಂಗಳೂರಿನಲ್ಲಿ ಎರಡು ಇಂಚು ಎತ್ತರಿಸಿಕೊಂಡು ಬಂದಿದ್ದರು. ಹೊಸ ಶಾಕ್, ಹೊಸ ಮೇಲಿನ ಆರ್ಮ್ ಎಲ್ಲ ಅಚ್ಚುಕಟ್ಟಾಗಿಯೇ ಇದ್ದವು. ಚಕ್ರಗಳು ಮಾತ್ರ ಪಾರ್ಸೆಲ್‌ನಲ್ಲಿ ನಮ್ಮ ಅಂಗಡಿಗೆ ಬಂದಿದ್ದವು. ಕಂಪನಿಯ ಟೈರ್ 245/70 ಆರ್16, ತಂದಿದ್ದು 285/70 ಆರ್17. ಲೆಕ್ಕ ಹಾಕಿದರೆ ಚಕ್ರದ ಎತ್ತರ 749 ಮಿಲಿಮೀಟರಿನಿಂದ 831ಕ್ಕೆ ಏರುತ್ತದೆ. ಗಾಡಿ ನೆಲದಿಂದ ಇನ್ನೂ 40 ಮಿಲಿಮೀಟರ್ ಮೇಲೆದ್ದಿತು ಎಂದು ಗಿರಾಕಿಗೆ ಸಂತೋಷ. ಮೀಟರ್ 100 ತೋರಿಸುವಾಗ ಗಾಡಿ ನಿಜವಾಗಿ 111ರಲ್ಲಿ ಓಡುತ್ತಿರುತ್ತದೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೆ ಕೊಟ್ಟ ತೀರ್ಪು, ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂಬುದನ್ನೂ ಹೇಳಿದೆ. ಗಿರಾಕಿ ನಕ್ಕರು. ಧಣಿ ನನ್ನತ್ತ ಕಣ್ಣು ಬಿಟ್ಟರು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ, ಟೈರ್ ಉಜ್ಜುವುದು. ಹಳೆಯ ಡಿಸ್ಕ್ ಏಳು ಇಂಚು ಅಗಲ, ಆಫ್‌ಸೆಟ್ (ಡಿಸ್ಕ್‌ನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕೆ ಇರುವ ಅಂತರ, ಮಿಲಿಮೀಟರ್‌ನಲ್ಲಿ) ಪ್ಲಸ್ 33. ಹೊಸದು ಒಂಬತ್ತು ಇಂಚು, ಮೈನಸ್ 12. ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ನೋಡಿದೆ: ಒಳಗಡೆ 20 ಮಿಲಿಮೀಟರ್ ಜಾಗ ಉಳಿಯುತ್ತದೆ, ಹೊರಗಡೆ 70 ಮಿಲಿಮೀಟರ್ ಚಾಚುತ್ತದೆ. ಅಷ್ಟು ಚಾಚಿದ ಚಕ್ರ ತಿರುಗುವಾಗ ತನ್ನ ಜಾಗದಲ್ಲಿ ತಾನು ತಿರುಗುವುದಿಲ್ಲ, ಬಾಗಿಲು ತೆರೆದಂತೆ ಬೀಸಿಕೊಂಡು ಹೋಗುತ್ತದೆ. ಮುಂದೆ ಬಂಪರ್ ಮೂಲೆ, ಹಿಂದೆ ಮಡ್‌ಫ್ಲಾಪ್, ಎರಡಕ್ಕೂ ಬಡಿಯುತ್ತದೆ. ಲಿಫ್ಟ್ ಮಾಡಿದ್ದೇವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಲಿಫ್ಟ್ ಲೆಕ್ಕಕ್ಕೆ ಬರುವುದು ಗಾಡಿ ಸಮನೆಲದಲ್ಲಿ ನಿಂತಾಗ. ಗುಂಡಿಗೆ ಬಿದ್ದು ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚಕ್ರ ಮೊದಲಿನಂತೆಯೇ ಗೂಡಿನ ಮೇಲ್ಭಾಗಕ್ಕೆ ಹೋಗಿ ಕೂರುತ್ತದೆ, ಈಗ ಅದು ದಪ್ಪವೂ ಆಗಿರುತ್ತದೆ.

ಅದಕ್ಕೇ ನಾನು ಬೇರೆಯವರಂತೆ ಜಾಕ್ ಮೇಲೆ ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿ ಕೈತೊಳೆದುಕೊಳ್ಳಲಿಲ್ಲ. ಒಂದೊಂದೇ ಮುಂದಿನ ಚಕ್ರವನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಎಡಕ್ಕೂ ಬಲಕ್ಕೂ ಫುಲ್ ಲಾಕ್ ಹಾಕಿಸಿ, ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದೆ. ರಿವರ್ಸ್‌ನಲ್ಲೂ ನೋಡಿದೆ. ಚಕ್ರದ ಗೂಡಿನೊಳಗಿನ ಪ್ಲಾಸ್ಟಿಕ್ ಲೈನರ್ ಅನ್ನು ಬಿಸಿಗಾಳಿ ಗನ್‌ನಿಂದ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಿದೆ. ಮಡ್‌ಫ್ಲಾಪ್ ಕತ್ತರಿಸಿದೆ. ಕೆಳಗಿನ ಆರ್ಮ್‌ನ ಕ್ಯಾಮ್ ತಿರುಗಿಸಿ ಚಕ್ರವನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದೆ. ಇಷ್ಟಕ್ಕೇ ನಾಲ್ಕು ಗಂಟೆ ಹಿಡಿಯಿತು. ಎಲ್ಲ ಮುಗಿದು ದಿಮ್ಮಿಯ ಮೇಲೆ ಲಾಕ್ ಹಾಕಿದಾಗ ಎಲ್ಲೂ ಸದ್ದಿಲ್ಲ. ಧಣಿಯನ್ನು ಕರೆದು ತೋರಿಸಿದೆ. ಅವರು ಗಡಿಯಾರ ನೋಡಿದರು.

ಚಕ್ರ ಬಿಗಿಯುವ ಹೊತ್ತಿಗೆ ಐದೂವರೆ. ನಾಲ್ಕು ಡಬ್ಬಿಗಳಲ್ಲಿ ನಾಲ್ಕು ಡಿಸ್ಕ್ ಇದ್ದವು, ನಟ್‌ಗಳ ಪೊಟ್ಟಣ ಇರಲಿಲ್ಲ. ಅದು ಬೇರೆ ಆರ್ಡರ್ ಅಂತೆ; ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಂಪನಿಯ ಹಳೆಯ ನಟ್‌ಗಳು ತಟ್ಟೆಯಲ್ಲಿದ್ದವು: ಉದ್ದ ಕತ್ತು, ಚಪ್ಪಟೆ ವಾಷರ್. ಮರೆ, ಅಂದರೆ ತಿರುಪಿನ ಗೆರೆ, ಎರಡಕ್ಕೂ ಒಂದೇ. ಹಾಕಲು ಹೇಳಿದೆ.

ನನ್ನ ಜೊತೆ ಕೆಲಸ ಮಾಡುವ ಹುಡುಗ ಬಂದು ಆರೇಳು ತಿಂಗಳಾಗಿತ್ತು. ಮೊದಲ ನಟ್ ಅನ್ನು ಕೈಯಲ್ಲಿ ತಿರುಗಿಸಿ, ನಿಲ್ಲಿಸಿ, “ಅಣ್ಣಾ, ಇದು ಸರಿಯಾಗಿ ಕೂರುತ್ತಿಲ್ಲ. ವಾಷರ್ ಅಲ್ಲಾಡುತ್ತಿದೆ” ಎಂದ.

ನಾನು ಅವನ ಕಡೆ ತಿರುಗಲೂ ಇಲ್ಲ. “ಗನ್ ಹಿಡಿ, ಕೂರುತ್ತದೆ” ಎಂದೆ.

ನಟ್ ಬಿಗಿಯುವ ಗನ್ ಟರ್ರೆಂದು ನಿಂತಿತು. ನಟ್ ಬಿಗಿಯಾಯಿತು ಎಂಬುದಷ್ಟೇ ಗನ್‌ಗೆ ಗೊತ್ತಾಗುತ್ತದೆ. ಯಾವುದರ ಮೇಲೆ ಬಿಗಿಯಾಯಿತು ಎಂಬುದು ಅದಕ್ಕೆ ಬೇಕಿಲ್ಲ. ನನಗೂ ಆಗ ಬೇಕಿರಲಿಲ್ಲ. ಎಷ್ಟು ಬಿಗಿಯಾಯಿತು ಎಂದು ಅಳೆದು ಬಿಗಿಯುವ ಟಾರ್ಕ್ ರೆಂಚ್ ಎಂಬುದೊಂದು ನಮ್ಮ ಅಂಗಡಿಯಲ್ಲಿ ಆಗ ಇರಲಿಲ್ಲ. ಎರಡು ವರ್ಷ ಕೇಳಿದ್ದೆ. “ಗನ್ ಇದೆಯಲ್ಲ” ಎನ್ನುವುದೇ ಉತ್ತರ.

ಆರೂ ಕಾಲಿಗೆ ಗಿರಾಕಿ ಒಂದು ಸುತ್ತು ಹಾಕಿಕೊಂಡು ಬಂದರು. “ಎಪ್ಪತ್ತರ ಮೇಲೆ ಸ್ಟೀರಿಂಗ್ ಸ್ವಲ್ಪ ನಡುಗುತ್ತದಲ್ಲ” ಎಂದರು. ನನ್ನ ಬಳಿ ಉತ್ತರ ಸಿದ್ಧವಾಗಿಯೇ ಇತ್ತು. ಒರಟು ಟ್ರೆಡ್‌ನ ಟೈರ್, ತೂಕ ಜಾಸ್ತಿ, ಹೊಸದರಲ್ಲಿ ಹಾಗೆಯೇ, ಐನೂರು ಕಿಲೋಮೀಟರ್ ಓಡಿದ ಮೇಲೆ ಬನ್ನಿ, ಮತ್ತೆ ಬ್ಯಾಲೆನ್ಸಿಂಗ್ ಮಾಡೋಣ. ಈ ಮಾತುಗಳನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಹೆಚ್ಚಿನ ಸಲ ನಿಜವೂ ಆಗಿರುತ್ತದೆ. ಅವರು ನಂಬಿ ಹೋದರು.

ಮರುದಿನ ಪೂಜೆಯ ವಿಡಿಯೊ ಕಳಿಸಿದ್ದರು. ಬಾನೆಟ್ ಮೇಲೆ ಚೆಂಡು ಹೂವಿನ ಹಾರ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಟೈರ್ ಹತ್ತಿದ ಮೇಲೆ ನಿಂಬೆಹಣ್ಣಿನ ಗುರುತೂ ಕಾಣಲಿಲ್ಲ, ಅಷ್ಟು ಅಗಲ. ನಾನು ಅದನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿದೆ.

ವಿಜಯದಶಮಿಯ ಸಂಜೆ. ಓಣಿಯಲ್ಲಿ ಬನ್ನಿ ಹಂಚಿಕೊಳ್ಳುತ್ತಿದ್ದೆವು, ಅಂಗಿಯ ಜೇಬು ಎಲೆಗಳಿಂದ ತುಂಬಿತ್ತು. ಮೊಬೈಲ್ ಬಡಿದುಕೊಂಡಿತು. ಅದೇ ಗಿರಾಕಿ. ಸಂಡೂರಿನಲ್ಲಿರುವ ಹಿರಿಯರಿಗೆ ಬನ್ನಿ ಕೊಡಲು ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಟಿದ್ದರಂತೆ.

“ಸ್ಟೀರಿಂಗ್ ಕುಣಿಯುತ್ತಿದೆ.”

“ಎಷ್ಟು ಸ್ಪೀಡಿನಲ್ಲಿ?”

“ನಲವತ್ತರಲ್ಲೇ. ಎಡಗಡೆ ಟಕ್ ಟಕ್ ಎನ್ನುತ್ತಿದೆ. ನಿಧಾನಕ್ಕೆ ಸಂಡೂರಿನವರೆಗೆ ಹೋಗಿಬಿಡಲೇ?”

ಅರ್ಧ ಉಸಿರಿನಷ್ಟು ಹೊತ್ತು ನಾನು ಹೂಂ ಎನ್ನುವವನಿದ್ದೆ. ಆ ಅರ್ಧ ಉಸಿರು ಈಗಲೂ ರಾತ್ರಿ ಎದ್ದು ಕೂರಿಸುತ್ತದೆ. ಅದೇನು ಬಾಯಿಗೆ ಬಂತೋ, “ಬೇಡ, ಅಲ್ಲೇ ನಿಲ್ಲಿಸಿ. ಎಲ್ಲರನ್ನೂ ಕೆಳಗಿಳಿಸಿ ರಸ್ತೆಯಿಂದ ದೂರ ಕೂರಿಸಿ. ಒಂದು ಅಡಿಯೂ ಮುಂದೆ ಹೋಗಬೇಡಿ” ಎಂದೆ. ತೋರಣಗಲ್ಲು ದಾಟಿ ಸಂಡೂರಿನ ರಸ್ತೆಗೆ ತಿರುಗಿದ್ದರು.

ಬೈಕಿಗೆ ಪಾನಾ ಮತ್ತು ಜಾಕ್ ಕಟ್ಟಿಕೊಂಡು ಹೊರಟೆ. ಹಬ್ಬವಾದರೂ ಅದಿರಿನ ಲಾರಿಗಳಿಗೆ ರಜೆ ಇಲ್ಲ. ಹೆಡ್‌ಲೈಟ್‌ನಲ್ಲಿ ಕೆಂಪು ಧೂಳು ಬಿಟ್ಟರೆ ಏನೂ ಕಾಣುವುದಿಲ್ಲ. ಬೇರಿಂಗ್ ಹೋಯಿತೇ? ಬಾಲ್ ಜಾಯಿಂಟ್? ಬ್ಯಾಲೆನ್ಸಿಂಗ್ ತೂಕ ಉದುರಿತೇ? ತೂಕ ಉದುರಿದರೆ ನಲವತ್ತರಲ್ಲಿ ಕುಣಿಯುವುದಿಲ್ಲ. ನಾನು ಒತ್ತಿದ ಲೈನರ್ ಬಿಚ್ಚಿಕೊಂಡು ಟಕ್ ಎನ್ನುತ್ತಿದೆಯೇ? ಹಾಗೇ ಆಗಿರಲಿ ಎಂದು ಬೇಡಿಕೊಂಡೆ. ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ದೀಪಗಳು ಕಂಡವು. ಆಗ ಹುಡುಗನ ಮಾತು ನೆನಪಾಯಿತು. ವಾಷರ್ ಅಲ್ಲಾಡುತ್ತಿದೆ, ಅಣ್ಣಾ.

ಅಲ್ಲಿಂದ ಮುಂದೆ ಬೇರಿಂಗ್ ಬಗ್ಗೆ ಯೋಚಿಸುವ ಅಗತ್ಯ ಬೀಳಲಿಲ್ಲ. ಹೊಸ ಡಿಸ್ಕ್‌ನ ತೂತುಗಳಿಗೆ ಆಲಿಕೆಯಂತೆ ಇಳಿಜಾರು ಇತ್ತು, ಅವು ಕೋನ್ ನಟ್ ಕೂರಲು ಮಾಡಿದವು. ಚಪ್ಪಟೆ ವಾಷರ್ ಆ ಆಲಿಕೆಯ ಬಾಯಿಗೆ ಮುಚ್ಚಳದಂತೆ ಕೂರುತ್ತದೆ, ತಾಗುವುದು ಅಂಚಿನ ಒಂದು ಗೆರೆಗೆ ಮಾತ್ರ. ನಡುವಿನ ಹಬ್ ತೂತೂ ಎಲ್ಲ ಗಾಡಿಗೂ ಆಗಲಿ ಎಂದು ದೊಡ್ಡದಾಗಿಯೇ ಕೊರೆದದ್ದು, ಆ ಸಂದು ತುಂಬುವ ಹಬ್ ರಿಂಗ್ ಹಾಕಿರಲಿಲ್ಲ. ಅಂದರೆ ಚಕ್ರವನ್ನು ನಡುವಿಗೆ ತಂದು ನಿಲ್ಲಿಸಬೇಕಾದದ್ದು ಕೋನ್ ನಟ್ ಒಂದೇ, ಅದೇ ಇರಲಿಲ್ಲ. ಎಪ್ಪತ್ತರಲ್ಲಿ ನಡುಗಿದ್ದು ಟ್ರೆಡ್‌ನಿಂದಲ್ಲ, ಚಕ್ರ ನಡುವಿನಲ್ಲಿ ಕೂತಿರಲಿಲ್ಲ. ಅಲ್ಯೂಮಿನಿಯಂ ಅಂಚು ಸವೆದಂತೆ ಬಿಗಿ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬೇಗ ಸವೆಯುತ್ತದೆ.

ಉಕ್ಕಿನ ಕಾರ್ಖಾನೆಯ ಬೆಳಕು ಹಿಂದೆ ಬಿದ್ದ ಮೇಲೆ, ಎಡಗಡೆ ಇಂಡಿಕೇಟರ್ ಹಾಕಿ ನಿಂತ ಗಾಡಿ ಸಿಕ್ಕಿತು. ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಅವರ ತಾಯಿ, ಹೆಂಡತಿ, ಎರಡು ಮಕ್ಕಳು ಕೂತಿದ್ದರು. ನಾನು ಯಾರಿಗೂ ನಮಸ್ಕಾರ ಸಹ ಹೇಳದೆ ಎಡ ಮುಂಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಡುವಿನ ಮುಚ್ಚಳ ತೆಗೆದು ಮೊಬೈಲ್ ಬೆಳಕು ಬಿಟ್ಟೆ. ಕಪ್ಪು ಬಣ್ಣದ ಡಿಸ್ಕ್ ಮೇಲೆ ಪ್ರತಿ ನಟ್ ಸುತ್ತ ಬಿದಿಗೆ ಚಂದ್ರನಂಥ ಹೊಳೆಯುವ ಗೆರೆ, ಅದರ ಕೆಳಗೆ ಬೂದಿಯಂತೆ ನುಣ್ಣನೆಯ ಅಲ್ಯೂಮಿನಿಯಂ ಪುಡಿ. ಪಾನಾ ತೆಗೆಯುವ ಮೊದಲು ಬೆರಳಿನಿಂದ ಮುಟ್ಟಿದೆ. ಎರಡು ನಟ್ ಬೆರಳಿನಲ್ಲೇ ತಿರುಗಿದವು. ಮೂರು ಸಡಿಲ. ಚಕ್ರವನ್ನು ಹಿಡಿದು ನಿಂತದ್ದು ಆರನೆಯದೊಂದೇ.

ಗಿರಾಕಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರ ತಾಯಿ ಎದ್ದು ಬಂದು ನನ್ನ ಗ್ರೀಸ್ ಕೈಗೆ ಎರಡು ಎಲೆ ಇಟ್ಟು, “ಬನ್ನಿ ತೆಗೆದುಕೋ ಅಪ್ಪಾ, ಬಂಗಾರದಂತೆ ಇರೋಣ” ಎಂದರು. ಹಬ್ಬದ ದಿನ ಮನೆ ಬಿಟ್ಟು ಓಡಿಬಂದೆನಲ್ಲ ಎಂದು ಅವರಿಗೆ ನನ್ನ ಮೇಲೆ ಕನಿಕರ. ಆ ಎಲೆ ಇಸಿದುಕೊಳ್ಳುವಾಗ ತಲೆ ಎತ್ತಲು ಆಗಲಿಲ್ಲ.

ಹುಡುಗನಿಗೆ ಫೋನ್ ಮಾಡಿ, ಹಳೆಯ ನಾಲ್ಕು ಚಕ್ರಗಳನ್ನು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಬರಲು ಹೇಳಿದೆ. ಅವನು ಬರುವಷ್ಟರಲ್ಲಿ ಒಂಬತ್ತೂವರೆ. ಮುಂದಿನ ಎಡ ಚಕ್ರದ ಸ್ಟಡ್‌ಗಳಲ್ಲಿ, ಅಂದರೆ ನಟ್ ಕೂರುವ ಬೋಲ್ಟ್‌ಗಳಲ್ಲಿ, ಎರಡರ ಮರೆ ಹಾಳಾಗಿತ್ತು. ಕತ್ತಲಲ್ಲಿ ಸಿಕ್ಕಷ್ಟು ಬಿಗಿದು, ಮನೆಯವರನ್ನು ಬೇರೆ ಗಾಡಿಯಲ್ಲಿ ಕಳಿಸಿ, ಪಿಕಪ್ ಅನ್ನು ರಿಕವರಿ ವಾಹನದ ಮೇಲೆ ಹತ್ತಿಸಿದೆವು. ಹುಡುಗ ಇಡೀ ಹೊತ್ತು ಮಾತನಾಡಲಿಲ್ಲ. ಕೊನೆಗೆ ಹಿಂಚಕ್ರದ ನಟ್ ತಿರುಗಿಸುತ್ತ, “ಹಳೆಯ ಡಿಸ್ಕ್‌ನಲ್ಲಿ ಇವು ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ ಅಣ್ಣಾ” ಎಂದ. ಮುಗ್ಧವಾಗಿ ಹೇಳಿದನೋ ಚುಚ್ಚಿದನೋ ಇವತ್ತಿಗೂ ಗೊತ್ತಾಗಿಲ್ಲ.

ಒಂದು ಡಿಸ್ಕ್‌ನ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು, ಗುಜರಿಗೆ ಹೋಯಿತು. ಅದರ ಹಣದಲ್ಲಿ ಅರ್ಧವನ್ನು ಧಣಿ ಮೂರು ತಿಂಗಳು ನನ್ನ ಸಂಬಳದಲ್ಲಿ ಹಿಡಿದರು. ಆರು ಗಂಟೆಗೆ ಕೊಡುತ್ತೇವೆ ಎಂದವರ ಪಾಲು ಎಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ, ತಪ್ಪು ನನ್ನದೂ ಆಗಿತ್ತಲ್ಲ. ಇಪ್ಪತ್ತನಾಲ್ಕು ಕೋನ್ ನಟ್, ಹಬ್ ರಿಂಗ್, ಎರಡು ಸ್ಟಡ್ ತರಿಸಿ ಮತ್ತೆ ಹಾಕಿದೆವು. ನಡುಕ ಹೋಯಿತು. ಟಾರ್ಕ್ ರೆಂಚ್ ಸಹ ಬಂತು. ಧಣಿಯ ಬೀರುವಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಬೀಗದ ಕೈ ಅವರ ಸೊಂಟದಲ್ಲಿ. ಬೇಕಾದಾಗ ಕೇಳಿ ತೆಗೆದುಕೊಳ್ಳಬೇಕು, ಸಂಜೆ ಎಣಿಸಿ ಕೊಡಬೇಕು, ಇರುವುದು ಒಂದಾದರೂ. ಚಕ್ರ ಬದಲಿಸಿದವರು 50ರಿಂದ 100 ಕಿಲೋಮೀಟರ್ ಒಳಗೆ ಬಂದು ನಟ್ ಮತ್ತೆ ಬಿಗಿಸಿಕೊಳ್ಳಿ ಎಂದು ಬಿಲ್ ಮೇಲೆ ಠಸ್ಸೆ ಒತ್ತುತ್ತೇವೆ. ಹತ್ತರಲ್ಲಿ ಇಬ್ಬರು ಬಂದರೆ ಹೆಚ್ಚು.

ಈ ಗಿರಾಕಿ ಮಾತ್ರ ತಪ್ಪದೆ ಬರುತ್ತಾರೆ. ಅವರ ಗಾಡಿಯಲ್ಲಿ ಇನ್ನೊಂದು ರಗಳೆ ಉಳಿದಿದೆ. ಹೊಸ ಅಳತೆಯ ಚಕ್ರ ಟ್ರೇ ಕೆಳಗಿನ ಸ್ಟೆಪ್ನಿ ಜಾಗದಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಸ್ಟೆಪ್ನಿ ಹಳೆಯ ಅಳತೆಯದೇ. ಅದನ್ನು ಹಾಕಿದಾಗ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಕೂಡದು, ಅದಕ್ಕೆ ಬೇಕಾದ ನಟ್‌ಗಳೂ ಹಳೆಯವೇ. ಆರು ಹಳೆಯ ನಟ್‌ಗಳನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ‘ಸ್ಟೆಪ್ನಿಗೆ’ ಎಂದು ಬರೆದು ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಇಟ್ಟಿದ್ದೇನೆ. ಗಾಳಿ ಹಿಡಿಸಲು ಬಂದಾಗಲೆಲ್ಲ ಆ ಗಂಟು ಬಿಚ್ಚಿ ಎಣಿಸುತ್ತೇನೆ. ಕಳೆದ ವಾರ ಎಣಿಸಿದರೆ ಐದು. ಹಿಂದಿನ ಸೀಟಿನಲ್ಲಿ ಕೂತಿದ್ದ ಚಿಕ್ಕವನು, ಆರನೆಯದಕ್ಕೆ ದಾರ ಕಟ್ಟಿ ಬುಗುರಿ ಮಾಡಿದ್ದೇನೆ ಎಂದ.