ಸ್ಲೋನಲ್ಲಿ ನಡುಗುವ ಲಾರಿ

ನಮ್ಮ ಹಳೇ ಡೀಸೆಲ್ ಲಾರಿ ಮೂರು ವಾರದಿಂದ ಸ್ಲೋನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಆಗಬೇಕಾದರೆ ಡೀಸೆಲನ್ನು ಕೈಯಿಂದ ಎಳೆಯುವ ಹ್ಯಾಂಡ್ ಪ್ರೈಮರ್ 20 ಸಲ ಒತ್ತಬೇಕು. ಮೆಕ್ಯಾನಿಕ್ ನೋಡಿದವರೇ ‘ಪಂಪು ಬಿಚ್ಚಬೇಕು ಸಾರ್’ ಅಂದರು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಆ ಪಂಪಿನ ಖರ್ಚು ಗೊತ್ತಿದ್ದವನು ನಾನು, ನಾಳೆ ನೋಡೋಣ ಅಂತ ಜಾರಿಕೊಂಡೆ.

ಫಿಲ್ಟರ್ ಎರಡೂ ಹೊಸದು ಹಾಕಿದೆ, ಏನೂ ಫರಕಾಗಲಿಲ್ಲ. ಡೀಸೆಲ್ ಒತ್ತಡ ನೋಡೋಣ ಅಂತ ಗೇಜ್ ಸಿಕ್ಕಿಸಿದರೆ 1 ಬಾರ್ ದಾಟಬೇಕಾದಲ್ಲಿ ಅರ್ಧವೂ ಇಲ್ಲ. ಫಿಲ್ಟರ್ ಮೇಲಿನ, ಗಾಳಿ ಹೊರಬಿಡುವ ಏರ್ ಸ್ಕ್ರೂ ಸಡಿಲಿಸಿ ಪ್ರೈಮರ್ ಒತ್ತಿದೆ. ಬರೀ ನೊರೆ! ಎಷ್ಟು ಒತ್ತಿದರೂ ಗುಳ್ಳೆ ನಿಲ್ಲಲಿಲ್ಲ. ಟ್ಯಾಂಕಿನಿಂದ, ಡೀಸೆಲ್ ಎಳೆದುಕೊಡುವ ಸಣ್ಣ ಫೀಡ್ ಪಂಪಿನವರೆಗಿನ ಪೈಪಲ್ಲಿ ಇರುವುದು ಎಳೆತ. ಅಲ್ಲಿ ಸೀಳು ಬಿಟ್ಟರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿದ್ದದ್ದಕ್ಕೇ ನಾನು ಮೋಸಹೋದದ್ದು.

5 ಲೀಟರ್ ಕ್ಯಾನಿಗೆ ಡೀಸೆಲ್ ತುಂಬಿ, ಟ್ಯಾಂಕಿನ ಪೈಪು ಕಳಚಿ, ಬೇರೆ ಪೈಪಿಂದ ನೇರ ಫೀಡ್ ಪಂಪಿಗೆ ಕೊಟ್ಟೆ. ಏರ್ ತೆಗೆದು ಸ್ಟಾರ್ಟ್ ಮಾಡಿದರೆ ನಡುಕವೇ ಇಲ್ಲ. ಅಂದರೆ ತಪ್ಪು ಪಂಪಿನದಲ್ಲ, ಟ್ಯಾಂಕಿನ ಕಡೆಯ ಪೈಪಿನದು. ಕೊನೆಗೆ ಸಿಕ್ಕಿದ್ದು ಚಾಸಿಸ್ ಕ್ಲಾಂಪಿನಡಿ ಸವೆದು ಬಿರುಕುಬಿಟ್ಟ ಒಂದು ಗೇಣು ರಬ್ಬರ್ ಪೈಪು. ಅದರ ಜೊತೆ ಎರಡು ತಾಮ್ರದ ವಾಷರ್ ಬದಲಿಸಿದೆ. ಗೇಜ್ ಈಗ 1.2.

ನಿನ್ನೆ ಮೆಕ್ಯಾನಿಕ್ ಫೋನ್ ಮಾಡಿದ್ದರು, ‘ಪಂಪು ಯಾವಾಗ ಬಿಚ್ಚೋಣ?’ ಅಂತ.