ಕಾನ್ವಿ ಕಣಿವೆಯಲ್ಲಿ ಬಾರ್ಡ್‌ನ ಜಾಡು

ಇಂಗ್ಲಿಷ್ ಕವಿ ಥಾಮಸ್ ಗ್ರೇ ಬರೆದ ‘ದಿ ಬಾರ್ಡ್’ ಕವಿತೆ ಓದಿಕೊಂಡು ವೇಲ್ಸಿನ ಕಾನ್ವಿಗೆ ಬರುವವರು ಮೊದಲು ಹುಡುಕುವುದು ಒಂದು ಬಂಡೆಯನ್ನು. ಕವಿತೆಯಲ್ಲಿ, ದಂಡೆತ್ತಿ ಬಂದ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದೊರೆ ಅಲ್ಲಿಯ ಬಾರ್ಡ್‌ಗಳನ್ನು, ಅಂದರೆ ಹಾಡುಕವಿಗಳನ್ನೆಲ್ಲ ಕೊಲ್ಲಿಸಿದ್ದಾನೆ, ಉಳಿದವನು ಒಬ್ಬನೇ. ನೊರೆಯುಕ್ಕುವ ಕಾನ್ವಿ ನದಿಯ ಮೇಲೆ ಚಾಚಿದ ಬಂಡೆಯ ತುದಿಯಲ್ಲಿ ಹಾರ್ಪ್ ಎಂಬ ತಂತಿವಾದ್ಯ ಹಿಡಿದು ನಿಂತು ದೊರೆಯ ವಂಶವನ್ನೇ ಶಪಿಸುತ್ತಾನೆ, ಆಮೇಲೆ ಪ್ರವಾಹಕ್ಕೆ ಹಾರುತ್ತಾನೆ. ರಮ್ಯ ಕಾವ್ಯದ ಬಾರ್ಡ್‌ಗೆ ಗಾಳಿಗೆ ಹಾರುವ ಗಡ್ಡ, ಪ್ರಪಾತ, ಬಿರುಗಾಳಿ ಅಂಟಿಕೊಂಡದ್ದು ಹೆಚ್ಚಾಗಿ 1757ರ ಈ ಕವಿತೆಯಿಂದ. ಬಂಡೆ ಮಾತ್ರ ಸಿಗುವುದಿಲ್ಲ. ಬಾರ್ಡ್ ಹುಟ್ಟಿದ ಜಾಗ ನೋಡಬೇಕಾದರೆ ನದಿಯ ಜಾಡು ಹಿಡಿದು ಒಳನಾಡಿಗೆ, ಒಂದು ಹಳೆಯ ಮನೆಯವರೆಗೆ ಹೋಗಬೇಕು.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಲಾನ್‌ಡಿಡ್ನೋ ಜಂಕ್ಷನ್‌ಗೆ ಸುಮಾರು ಮೂರು ಗಂಟೆ. ಅಲ್ಲಿಂದ ಸೇತುವೆ ದಾಟಿ ಕಾನ್ವಿ ಕೋಟೆಗೆ ನಡೆದೇ ಹೋಗಬಹುದು. ಇಪ್ಪತ್ತು–ಇಪ್ಪತ್ತೈದು ನಿಮಿಷ ಸಾಕು. ಕೋಟೆ ಕಟ್ಟಿದ್ದು 1283ರಿಂದ 1287ರ ಒಳಗೆ. ಎಂಟು ದೊಡ್ಡ ಬುರುಜು, ಊರ ಸುತ್ತ 1.3 ಕಿ.ಮೀ. ಗೋಡೆ, ಅದರಲ್ಲಿ 21 ಗೋಪುರ. ಬುರುಜಿನ ಸುತ್ತುಮೆಟ್ಟಿಲು ಇಕ್ಕಟ್ಟು, ಮಳೆ ಬಂದರೆ ಜಾರುತ್ತದೆ. ದೊಡ್ಡ ಚೀಲ ಹೊತ್ತು ಹತ್ತಬೇಡಿ. ಮೇಲೇರಿ ನದಿ ನೋಡಿದರೆ ಕವಿತೆಗೂ ನೆಲಕ್ಕೂ ಹೊಂದುವುದಿಲ್ಲ ಎನ್ನುವುದು ತಕ್ಷಣ ತಿಳಿಯುತ್ತದೆ. ಇಲ್ಲಿರುವುದು ಅಳಿವೆ. ಇಳಿತದ ಹೊತ್ತಿನಲ್ಲಿ ಕೆಸರು ದಿಬ್ಬ, ಓರೆಯಾಗಿ ಕೂತ ದೋಣಿಗಳು; ಭರತದಲ್ಲಿ ಅಗಲವಾದ ಸಮಾಧಾನದ ನೀರು. ಕುಂದಾಪುರದ ಅಳಿವೆ ಕಂಡವರಿಗೆ ಈ ನೋಟ ಹೊಸದೇನಲ್ಲ. ನೊರೆಯೂ ಇಲ್ಲ, ಹಾರಲು ಪ್ರಪಾತವೂ ಇಲ್ಲ.

ಗ್ರೇ ಕವಿತೆ ಬರೆದದ್ದು ಕೇಂಬ್ರಿಡ್ಜಿನಲ್ಲಿ ಕುಳಿತು. ಕವಿತೆಯಲ್ಲಿ ಬರುವ ಸ್ನೋಡನ್ ಬೆಟ್ಟ ಇಲ್ಲಿಂದ ಸಾಕಷ್ಟು ದೂರ ಎನ್ನುವ ಆಕ್ಷೇಪಕ್ಕೆ ಅಡಿಟಿಪ್ಪಣಿಯಲ್ಲೇ ಉತ್ತರ ಇಟ್ಟಿದ್ದಾನೆ: ಕಾನ್ವಿ ನದಿಯವರೆಗಿನ ಬೆಟ್ಟಸೀಮೆಗೆಲ್ಲ ಹಿಂದೆ ಅದೇ ಹೆಸರಿತ್ತಂತೆ. ಕೆದರಿದ ಗಡ್ಡ, ಕೂದಲು ಬಂದದ್ದು ವೇಲ್ಸಿನಿಂದಲ್ಲ, ಬೈಬಲಿನ ಪ್ರವಾದಿ ಎಜೆಕಿಯಲ್‌ನ ದರ್ಶನವನ್ನು ಕುರಿತ, ಇಟಲಿಯ ಕಲಾವಿದ ರಫೇಲ್‌ನ ಚಿತ್ರದಿಂದ. ಅದನ್ನೂ ಅವನೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾನೆ.

ಕಣಿವೆಯ ರೈಲು ಜಂಕ್ಷನ್‌ನಿಂದಲೇ ಹೊರಡುತ್ತದೆ. ದಿನಕ್ಕೆ ಬೆರಳೆಣಿಕೆಯಷ್ಟು ಗಾಡಿ. ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ಹಳಿ ನದಿಯ ಬದಿಯಲ್ಲೇ ಇರುವುದರಿಂದ ನೆರೆ ಬಂದಾಗ ಕೊಚ್ಚಿಹೋಗುತ್ತದೆ. 2019ರ ಮಾರ್ಚ್‌ನಲ್ಲಿ ಹಾಗಾಗಿ ಜುಲೈವರೆಗೆ ಗಾಡಿ ಓಡಲಿಲ್ಲ. ಚಳಿಗಾಲದಲ್ಲಿ ಹೋಗುವವರು ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿಕೊಳ್ಳಲಿ. ರೈಲಿನ ಬದಲು ಬಸ್ ಬಿಟ್ಟಿರಬಹುದು. ಲಾನ್‌ರೂಸ್ಟ್ ಊರಿಗೆ ಎರಡು ನಿಲ್ದಾಣ. ‘ನಾರ್ತ್’ ಎಂದಿರುವಲ್ಲಿ ಇಳಿಯಬೇಡಿ, ಮುಂದಿನದೇ ಪೇಟೆಗೆ ಹತ್ತಿರ.

ಅಲ್ಲಿಂದ 1636ರ ಮೂರು ಕಮಾನಿನ ಕಲ್ಲುಸೇತುವೆ ದಾಟಿ ಸ್ವಲ್ಪ ನಡೆದರೆ ಗ್ವಿಡಿರ್ ಕ್ಯಾಸಲ್. ಹೆಸರಿಗೆ ಕೋಟೆ, ನಿಜಕ್ಕೆ ದೊಡ್ಡ ಕಲ್ಲಿನ ಮನೆ. 1553ರಲ್ಲಿ ಹುಟ್ಟಿ 1627ರಲ್ಲಿ ತೀರಿಕೊಂಡ ಸರ್ ಜಾನ್ ವಿನ್ ಇಲ್ಲಿಯ ಯಜಮಾನ. ತನ್ನ ಮನೆತನದ ಚರಿತ್ರೆಯೊಂದನ್ನು ಬರೆದಿಟ್ಟ. ಎಡ್ವರ್ಡ್ ದೊರೆ ಬಾರ್ಡ್‌ಗಳನ್ನು ಗಲ್ಲಿಗೇರಿಸಿದ ಎಂಬ ಮಾತು ಬರುವುದು ಅದರಲ್ಲಿ. ಹಸ್ತಪ್ರತಿಯಲ್ಲಿದ್ದ ಆ ಮಾತನ್ನು ಇತಿಹಾಸಕಾರ ಥಾಮಸ್ ಕಾರ್ಟ್ ತನ್ನ ಇಂಗ್ಲೆಂಡ್ ಚರಿತ್ರೆಗೆ ಎತ್ತಿಕೊಂಡ, ಗ್ರೇ ಕಾರ್ಟ್‌ನಿಂದ ಪಡೆದ. ವಿನ್ ಬರಹ ಅಚ್ಚಾದದ್ದು 1770ರಲ್ಲಿ, ಕವಿತೆ ಬಂದು ಹದಿಮೂರು ವರ್ಷದ ಮೇಲೆ. ಹತ್ಯಾಕಾಂಡಕ್ಕೆ ಆ ಕಾಲದ ಪುರಾವೆ ಒಂದೂ ಇಲ್ಲ. 1282ರಲ್ಲಿ ಸತ್ತ ವೇಲ್ಸಿನ ದೊರೆ ಕೊನೆಯ ಲಿವೆಲಿನ್‌ಗಾಗಿ ಬರೆದ ಶೋಕಗೀತೆ ಉಳಿದಿದೆ. ಮುಂದಿನ ಶತಮಾನದಲ್ಲಿ ದಾವಿದ್ ಅಪ್ ಗ್ವಿಲಿಮ್‌ನಂಥ ಮಹಾಕವಿ ಬಂದ. ಕವಿಗಳ ಪರಂಪರೆ ಕಡಿದುಹೋಗಿದ್ದರೆ ಇದು ಆಗುವ ಮಾತಲ್ಲ. ಗ್ವಿಡಿರ್ ಈಗಲೂ ಜನ ವಾಸಿಸುವ ಖಾಸಗಿ ಮನೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ. ವಿಚಾರಿಸದೆ ಹೋದರೆ ಗೇಟು ನೋಡಿ ಬರಬೇಕಾದೀತು.

ಸೇತುವೆಯ ಈಚೆ, ಸೇಂಟ್ ಗ್ರೂಸ್ಟ್ ಚರ್ಚಿಗೆ ಸೇರಿದ ಗ್ವಿಡಿರ್ ಚಾಪೆಲ್‌ನಲ್ಲಿ ಹೆಚ್ಚು ಹೊತ್ತು ಕಳೆಯಿರಿ. ನೆಲದ ಮೇಲೆ ಮುಚ್ಚಳವಿಲ್ಲದ ಕಲ್ಲಿನ ಶವಪೆಟ್ಟಿಗೆ. ಪಕ್ಕದ ಮೈಯಲ್ಲಿ ನಾಲ್ಕೆಸಳಿನ ಹೂವಿನಂಥ ಕೆತ್ತನೆ ಸಾಲಾಗಿ ಇದೆ. ಬಗ್ಗಿ, ಬೆಳಕು ಅಡ್ಡಬೀಳುವ ಕಡೆಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಇದು 1240ರಲ್ಲಿ ತೀರಿಕೊಂಡ ಇನ್ನೊಬ್ಬ ವೇಲ್ಸ್ ದೊರೆ, ಹಿರಿಯ ಲಿವೆಲಿನ್‌ನದು ಎನ್ನುತ್ತಾರೆ. ಅವನನ್ನು ಹೂಳಿದ್ದ ಮಠ ಈಗಿನ ಕಾನ್ವಿ ಊರಿನ ಜಾಗದಲ್ಲೇ ಇತ್ತು. ಎಡ್ವರ್ಡ್ ಕೋಟೆ, ಊರು ಕಟ್ಟಲು ಮಠವನ್ನೇ ಕಣಿವೆಯ ಒಳಗಿನ ಮೈನಾನ್‌ಗೆ ಎಬ್ಬಿಸಿದ. ಎಡ್ವರ್ಡ್ ವೇಲ್ಸಿಗೆ ಮಾಡಿದ್ದೇನು ಎಂದು ತಿಳಿಯಲು ಕಲ್ಪನೆಯ ಕೊಲೆಗಳಿಗಿಂತ ಈ ಖಾಲಿ ಪೆಟ್ಟಿಗೆ ಗಟ್ಟಿ ಸಾಕ್ಷಿ.

ಕವಿತೆಗೆ ಬೇಕಾದ ನೊರೆ ಇರುವುದು ಇನ್ನೂ ಮೇಲೆ. ಬೆಟುಸ್-ಅ-ಕೋಯ್ಡ್‌ನಲ್ಲಿ ರೈಲಿಳಿದು ದಕ್ಷಿಣಕ್ಕೆ ಸುಮಾರು ನಾಲ್ಕು ಕಿ.ಮೀ. ಹೋದರೆ ಕಾನ್ವಿ ಜಲಪಾತ. ಹದಿನೈದು ಮೀಟರಿನಷ್ಟೇ ಧುಮುಕು. ಜೋಗ ಕಂಡವರು ಎತ್ತರ ನೋಡಲು ಹೋಗಬಾರದು. ಕಪ್ಪು ಬಂಡೆ, ಇಕ್ಕಟ್ಟಾದ ಕಮರಿ, ಸದ್ದು, ಇವು ಮಾತ್ರ ಗ್ರೇ ಹೇಳಿದಂತೆಯೇ ಇದೆ. ಕಾಡುಹಾದಿ ಸುತ್ತಲು ಅರ್ಧ ಗಂಟೆ. ಪಾಚಿಗಟ್ಟಿದ ಬೇರಿನ ಮೇಲೆ ಸಾದಾ ಶೂ ನಿಲ್ಲುವುದಿಲ್ಲ. ಮಳೆ ನಿಂತ ಮಾರನೆಯ ದಿನ ಹೋಗುವುದು ಸರಿ: ನೀರು ತುಂಬಿರುತ್ತದೆ, ದಾರಿ ಸ್ವಲ್ಪ ಆರಿರುತ್ತದೆ.

ಹಾರ್ಪ್‌ನ ವಿಷಯ ಬಿಡುವಂತಿಲ್ಲ. 1755ರಲ್ಲಿ ಶುರುವಾದ ಕವಿತೆ ನಡುವೆ ನಿಂತುಹೋಗಿತ್ತು. 1757ರಲ್ಲಿ ವೇಲ್ಸಿನ ಕುರುಡ ವಾದಕ ಜಾನ್ ಪ್ಯಾರಿ ಕೇಂಬ್ರಿಡ್ಜಿಗೆ ಬಂದು ನುಡಿಸಿದ. ಗ್ರೇ ಅದನ್ನು ಕೇಳಿ ಮುಗಿಸಿದ. ಪ್ಯಾರಿಯದು ಮೂರು ಸಾಲು ತಂತಿಯ ಹಾರ್ಪ್. ಹೊರಗಿನ ಎರಡೂ ಸಾಲುಗಳಿಗೆ ಒಂದೇ ಶ್ರುತಿ, ಅರ್ಧಸ್ವರಗಳೆಲ್ಲ ನಡುವಿನ ಸಾಲಿನಲ್ಲಿ. ನಡುಸಾಲು ಮುಟ್ಟಲು ಬೆರಳನ್ನು ಹೊರತಂತಿಗಳ ಸಂದಿಯಲ್ಲಿ ತೂರಿಸಬೇಕು, ಪಕ್ಕದ ತಂತಿ ತಗುಲಿದರೆ ಸ್ವರ ಕೆಡುತ್ತದೆ. ಹೊರಸಾಲು ಎರಡಿರುವುದರಿಂದ ಒಂದೇ ಸ್ವರವನ್ನು ಎರಡೂ ಕೈಯಲ್ಲಿ ಬೆನ್ನುಬೆನ್ನಿಗೆ ಮೀಟಿ ಮಿಡಿತ ಎಬ್ಬಿಸಬಹುದು. ಇಟಲಿಯಿಂದ ಲಂಡನ್ ದಾರಿಯಾಗಿ ಬಂದ ಈ ವಾದ್ಯ ಎಡ್ವರ್ಡ್‌ನ ಕಾಲದಲ್ಲಿ ವೇಲ್ಸಿನಲ್ಲಿ ಇರಲೇ ಇಲ್ಲ. ಆಗಿನದು ಒಂದೇ ಸಾಲಿನದು.

ಇಷ್ಟಾದ ಮೇಲೆ ಕಾರ್ಡಿಫ್‌ನ ರಾಷ್ಟ್ರೀಯ ಮ್ಯೂಸಿಯಂಗೆ ಹೋಗುವುದು ಒಳ್ಳೆಯದು, ಮೊದಲಲ್ಲ. ಥಾಮಸ್ ಜೋನ್ಸ್ 1774ರಲ್ಲಿ ಬರೆದ ‘ದಿ ಬಾರ್ಡ್’ ಚಿತ್ರ ಅಲ್ಲಿಯದು. ನಾಲ್ಕಡಿಗೆ ಕೊಂಚ ಕಡಿಮೆ ಎತ್ತರ, ಐದೂವರೆ ಅಡಿ ಅಗಲ. ಗಾಳಿಗೆ ಬಾಗಿದ ಮರ, ಸತ್ತುಬಿದ್ದ ಸಂಗಡಿಗರು, ಹಿಂದೆ ಸ್ಟೋನ್‌ಹೆಂಜ್‌ನಂಥ ಕಲ್ಲುವೃತ್ತ. ಆ ಕಲ್ಲುಗಳು ದಕ್ಷಿಣ ಇಂಗ್ಲೆಂಡಿನವು, ಕಾನ್ವಿಗೆ ಸಂಬಂಧವೇ ಇಲ್ಲ. ಡ್ರೂಯಿಡ್ ಪುರೋಹಿತ, ಬಾರ್ಡ್ ಎರಡೂ ಒಂದೇ ಎನ್ನುವ ಆ ಕಾಲದ ನಂಬಿಕೆ ಅವನ್ನು ಇಲ್ಲಿಗೆ ತಂದಿತು. ಉತ್ತರದಿಂದ ರೈಲಿನಲ್ಲಿ ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ಚಿತ್ರ ಗೋಡೆಯ ಮೇಲಿದೆಯೋ ಉಗ್ರಾಣದಲ್ಲಿದೆಯೋ ಮೊದಲೇ ಕೇಳಿಕೊಂಡು ಹೊರಡಿ. ಸೋಮವಾರ ಬಾಗಿಲು ಹಾಕಿರುತ್ತದೆ.