ಬೋರ್ಡ್‌ನವರು ಬರೀ ಸಹಿ ಹಾಕ್ತಾರೆ ಅಲ್ವಾ?

ನಾನು ಕಂಪನಿ ಸೆಕ್ರೆಟರಿ. ಬೋರ್ಡ್, ಅಂದರೆ ಕಂಪನಿಯ ನಿರ್ದೇಶಕರ ಮಂಡಳಿಯ ಮೀಟಿಂಗ್‌ಗೆ ನೋಟಿಸ್ ಕೊಡುವುದು, ಅಜೆಂಡಾ ಕಳಿಸುವುದು, ಮಿನಿಟ್ಸ್ (ಮೀಟಿಂಗ್‌ನ ನಡಾವಳಿ) ಬರೆಯುವುದು ನನ್ನ ಕೆಲಸ. ಇಷ್ಟು ಹೇಳುವಷ್ಟರಲ್ಲೇ ಎದುರಿನವರು ಕೇಳುತ್ತಾರೆ: "ಮಾಲೀಕರು ಹೇಳಿದ್ದಕ್ಕೆ ಬೋರ್ಡ್‌ನವರು ಸಹಿ ಹಾಕ್ತಾರೆ, ಅಷ್ಟೇ ಅಲ್ವಾ?"

ಅಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈಚೆಗೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ದೊಡ್ಡಪ್ಪ ಶುರು ಮಾಡಿದರು. "ಸತ್ಯಂ ಬೋರ್ಡ್‌ನಲ್ಲಿ ಎಂಥೆಂಥವರಿದ್ರು! ಏನ್ ಕಡಿದು ಕಟ್ಟೆ ಹಾಕಿದ್ರು?" ಹೋಳಿಗೆ ಬರುವ ತನಕ ನನ್ನನ್ನೇ ಆರೋಪಿ ಮಾಡಿ ಕೂರಿಸಿದರು.

ದೊಡ್ಡಪ್ಪ, ಈಗ ಪೂರ್ತಿ ಕೇಳಿ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಬೋರ್ಡ್, ಅದರ ಸ್ಥಾಪಕ, ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೇ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. ಸಾಫ್ಟ್‌ವೇರ್ ಕಂಪನಿಗೆ ಜಮೀನು, ಕಟ್ಟಡದ ವ್ಯವಹಾರ ಯಾಕೆ? ಮೀಟಿಂಗ್‌ನಲ್ಲಿ ಪ್ರಶ್ನೆ ಎತ್ತಿದವರೂ ಇದ್ದರು. ಎತ್ತಿ, ಕೊನೆಗೆ ಹೂಂ ಅಂದರು. ತಡೆದವರು ಹೂಡಿಕೆದಾರರು. ನ್ಯೂಯಾರ್ಕ್‌ನಲ್ಲಿ ಷೇರಿನ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಕೆಲವೇ ಗಂಟೆಗಳಲ್ಲಿ ನಿರ್ಧಾರ ವಾಪಸ್ ಆಯಿತು. ಮರುತಿಂಗಳು 7ಕ್ಕೆ ರಾಜು ಅವರ ಪತ್ರ ಬಂತು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಆ ಖಾಲಿ ಜಾಗವನ್ನು ನಿಜವಾದ ಆಸ್ತಿಯಿಂದ ತುಂಬಲು ಮೇಟಾಸ್ ಖರೀದಿ ಕೊನೆಯ ಪ್ರಯತ್ನ ಆಗಿತ್ತು ಎಂದು ಅವರೇ ಬರೆದರು. ಮುಚ್ಚಿಟ್ಟ ಲೆಕ್ಕವೇ ಕಂಪನಿಯ ದಾರಿಯನ್ನು ನಿರ್ಧರಿಸಿತ್ತು. ಅಂದಹಾಗೆ, ಎಲ್ಲರೂ ಮಾಲೀಕರು ಅಂತಾರಲ್ಲ, ಆ ಹೊತ್ತಿಗೆ ರಾಜು ಕುಟುಂಬದ ಪಾಲು ನೂರಕ್ಕೆ ಹತ್ತೂ ಇರಲಿಲ್ಲ.

2013ರ ಕಂಪನಿ ಕಾಯ್ದೆ ಬಂದ ಮೇಲೆ, ಸಂಬಂಧಿಕರ ಕಂಪನಿಗಳ ಜೊತೆಗಿನ ಇಂಥ ದೊಡ್ಡ ವ್ಯವಹಾರ ಷೇರುದಾರರ ಮುಂದೆ ಹೋಗುವುದು ಜಾಸ್ತಿಯಾಗಿದೆ. ಒಳ್ಳೆಯದೇ ಆಯಿತು.

ಎಲ್ಲ ಕಡೆ ಮೋಸವೇ ಇರಬೇಕೆಂದಿಲ್ಲ. ನಮ್ಮ ಬೆಂಗಳೂರಿನ ಇನ್ಫೋಸಿಸ್ ನೋಡಿ. 1981ರಿಂದ 2014ರವರೆಗೆ ಸಿಇಒ ಕುರ್ಚಿ ಸ್ಥಾಪಕರಲ್ಲೇ ಕೈ ಬದಲಾಯಿಸಿತು. ಹೊರಗಿನಿಂದ ಬಂದ ಮೊದಲಿಗರು ವಿಶಾಲ್ ಸಿಕ್ಕಾ. 2015ರಲ್ಲಿ 20 ಕೋಟಿ ಡಾಲರ್‌ಗೆ ಪನಾಯಾ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡದ್ದು, ಒಬ್ಬ ಅಧಿಕಾರಿಗೆ ಹೊರಡುವಾಗ ಕೊಟ್ಟ ಹಣ, ಇವುಗಳ ಮೇಲೆ ಸ್ಥಾಪಕರು ಮತ್ತು ಬೋರ್ಡ್ ನಡುವೆ ಜಟಾಪಟಿ ನಡೆಯಿತು. 2017ರ ಆಗಸ್ಟ್‌ನಲ್ಲಿ ಸಿಕ್ಕಾ ರಾಜೀನಾಮೆ ಕೊಟ್ಟರು. ಮರುದಿನ ಬೋರ್ಡ್ 13,000 ಕೋಟಿ ರೂಪಾಯಿಗೆ ಷೇರು ಮರುಖರೀದಿಗೆ, ಅಂದರೆ ಷೇರುದಾರರಿಂದ ಕಂಪನಿಯ ಷೇರನ್ನೇ ವಾಪಸ್ ಕೊಳ್ಳಲು ಒಪ್ಪಿತು. ಅದೇ ತಿಂಗಳು ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. ಪನಾಯಾವನ್ನು ಮಾರುವ ಯೋಚನೆ ಇದೆ ಎಂದು 2018ರಲ್ಲಿ ಕಂಪನಿ ಹೇಳಿತು. ಯಾರು ಆಳಬೇಕು ಅನ್ನುವ ಜಗಳ, ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಬದಲಾಯಿಸಿತು.

ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಬೋರ್ಡ್‌ನಲ್ಲಿ "ಬೇಡ" ಅನ್ನುವವರು ಯಾರು? ಅವರ ಕೈಗೆ ಕಾಗದ ಯಾವಾಗ ಸಿಗುತ್ತದೆ? ಮೀಟಿಂಗ್‌ಗೆ ಏಳು ದಿನದ ನೋಟಿಸ್ ಕೊಡಬೇಕೆಂದು ಕಾನೂನಿದೆ. ಹಿಂದಿನ ರಾತ್ರಿ ದಪ್ಪ ಕಟ್ಟು ಕಳಿಸಿದರೆ ಯಾವ ಪುಣ್ಯಾತ್ಮ ಓದುತ್ತಾನೆ?

ಒಂದು ಕಂಪನಿ ಎರಡನೇ ಕಾರ್ಖಾನೆಗೆ ಜಮೀನು ಕೊಳ್ಳಲು ಹೊರಟಿತ್ತು. ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿದ್ದ ಡೈರೆಕ್ಟರ್ ಮೇಡಂ, "ಈ ಬೆಲೆ ಕಟ್ಟಿದ್ದು ಯಾರು?" ಅಂದರು. ಉತ್ತರ ಬರಲಿಲ್ಲ. "ಹಾಗಾದ್ರೆ ನನ್ನ ವಿರೋಧ ಬರ್ಕೊಳ್ಳಿ" ಅಂದರು. ಒಪ್ಪದವರ ಹೆಸರು ಮಿನಿಟ್ಸ್‌ನಲ್ಲಿ ಬರಲೇಬೇಕು. ಹಾಗೆ ಬರೆಯುವ ಮೊದಲೇ ಅಧ್ಯಕ್ಷರು ವಿಷಯ ಮುಂದೂಡಿದರು. ಜಮೀನು ಕೊಳ್ಳಲೇ ಇಲ್ಲ, ಶೆಡ್ ಬಾಡಿಗೆಗೆ ಹಿಡಿದರು. ಕಂಪನಿ ಇವತ್ತಿಗೂ ಬಾಡಿಗೆ ಶೆಡ್‌ನಲ್ಲೇ ಚೆನ್ನಾಗಿ ನಡೆಯುತ್ತಿದೆ.